ಶೀತಾರಂಭ (ಡೀಸೆಲ್ ಎಂಜಿನ್)

ಶೀತಾರಂಭ ಎಂದರೆ ಹಲವು ಗಂಟೆಗಳ ಕಾಲ ನಿಂತು ಸುತ್ತಲಿನ ಗಾಳಿಯ ಉಷ್ಣತೆಗೆ ಇಳಿದಿರುವ ಎಂಜಿನ್ನನ್ನು ಮತ್ತೆ ಚಾಲನೆಗೊಳಿಸುವ ಕ್ರಿಯೆ. ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿ ಇರುವುದಿಲ್ಲ. ಸಿಲಿಂಡರಿನೊಳಗೆ ಅದುಮಲ್ಪಟ್ಟ ಗಾಳಿಯ ಬಿಸಿಯೇ ಆ ಕೆಲಸವನ್ನು ಮಾಡಬೇಕು. ಆದ್ದರಿಂದ ತಣ್ಣಗಿನ ಎಂಜಿನ್ನಿನ ಮೊದಲ ಕೆಲವು ಸುತ್ತುಗಳು ಅದರ ಆರೋಗ್ಯದ ನಿಜವಾದ ಪರೀಕ್ಷೆಯಾಗಿರುತ್ತವೆ. ಹಗಲಿನಲ್ಲಿ ಒಂದೇ ಬಾರಿಗೆ ಚಾಲನೆಗೊಳ್ಳುವ ಹಳೆಯ ಕಾರು ಬೆಳಗಿನ ಜಾವ ಮೊಂಡುತನ ತೋರುವುದು ಸಾಮಾನ್ಯವಾಗಿ ಕಂಡುಬರುವ ದೋಷವಾಗಿದೆ.

ಹವಾಮಾನ ಮತ್ತು ಪ್ರದೇಶ

ಬಾಗಲಕೋಟೆ ಜಿಲ್ಲೆಯ ಮರೋಳ, ಹುನಗುಂದ, ಇಳಕಲ್, ಬಾದಾಮಿ ಮೊದಲಾದ ಊರುಗಳು ಒಣ ಬಯಲುಸೀಮೆಗೆ ಸೇರಿವೆ. ಇಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಬೆಳಗಿನ ಚಳಿ ಗಮನಕ್ಕೆ ಬರುವಷ್ಟಿದ್ದರೂ ಉಷ್ಣತೆ ಹಿಮಬಿಂದುವಿನ ಸಮೀಪಕ್ಕೆ ಹೋಗುವುದಿಲ್ಲ. ಈ ಅಂಶ ದೋಷಪತ್ತೆಯ ದೃಷ್ಟಿಯಿಂದ ಮುಖ್ಯವಾದುದು. ಅತಿ ಶೀತಪ್ರದೇಶಗಳಲ್ಲಿ ಡೀಸೆಲ್‌ನಲ್ಲಿರುವ ಮೇಣದ ಅಂಶ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಲಡಾಖ್‌ನಂತಹ ಪ್ರದೇಶಕ್ಕಾಗಿ ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಸಾಮಾನ್ಯ ಡೀಸೆಲ್‌ನ ಶೀತಲ ಫಿಲ್ಟರ್ ಮಿತಿಯು ಚಳಿಗಾಲಕ್ಕೆ ಹೆಚ್ಚೆಂದರೆ 6 ಡಿಗ್ರಿ, ಬೇಸಿಗೆಗೆ 18 ಡಿಗ್ರಿ. ಮಲಪ್ರಭಾ ಬಯಲಿನ ಚಳಿಗೆ ಇಂಧನ ಗಟ್ಟಿಯಾಗುವ ಸಂಭವ ಬಹಳ ಕಡಿಮೆ. ಹೀಗಾಗಿ ಇಲ್ಲಿ ಕಾರು ಚಾಲನೆಗೊಳ್ಳದಿದ್ದರೆ ಚಳಿಯನ್ನು ದೂರಿ ಪ್ರಯೋಜನವಿಲ್ಲ. ಚಳಿಯು ಈಗಾಗಲೇ ಇರುವ ದೌರ್ಬಲ್ಯವನ್ನು ಹೊರಗೆಡಹುತ್ತದೆ ಅಷ್ಟೆ.

ತತ್ತ್ವ

ಹಳೆಯ ಡೀಸೆಲ್ ಕಾರುಗಳ ಸಂಪೀಡನ ಅನುಪಾತ ಸಾಮಾನ್ಯವಾಗಿ 20:1ರಿಂದ 23:1ರಷ್ಟಿರುತ್ತದೆ. 22:1 ಅನುಪಾತದ ಎಂಜಿನ್ನೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯು ಚುರುಕಾಗಿ, ಸೋರಿಕೆಯಿಲ್ಲದೆ ಅದುಮಲ್ಪಟ್ಟರೆ, ಸಂಪೀಡನ ಘಾತವನ್ನು 1.35 ಎಂದು ಹಿಡಿದಲ್ಲಿ, ಅದರ ಉಷ್ಣತೆ ಸುಮಾರು 610 ಡಿಗ್ರಿಗೆ ಏರುತ್ತದೆ. ಗಾಳಿ 12 ಡಿಗ್ರಿಯಷ್ಟು ತಣ್ಣಗಿದ್ದರೆ ಅದೇ ಲೆಕ್ಕದಲ್ಲಿ ಸುಮಾರು 570 ಡಿಗ್ರಿ ದೊರೆಯುತ್ತದೆ. ಅಂದರೆ ಚಳಿಯೊಂದರಿಂದಲೇ ಆಗುವ ನಷ್ಟ 40 ಡಿಗ್ರಿಯ ಆಸುಪಾಸು. ಆದರೆ ಬ್ಯಾಟರಿ ಸೊರಗಿ ಎಂಜಿನ್ ನಿಧಾನವಾಗಿ ತಿರುಗಿದಾಗ ಗಾಳಿಯ ಶಾಖವನ್ನು ತಣ್ಣಗಿನ ಲೋಹ ಹೀರಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ, ಸವೆದ ಪಿಸ್ಟನ್ ರಿಂಗುಗಳ ಸಂದಿಯಿಂದ ಗಾಳಿಯೂ ನುಸುಳುತ್ತದೆ. ಆಗ ಘಾತವು 1.25ಕ್ಕೆ ಇಳಿದರೆ 12 ಡಿಗ್ರಿಯ ಗಾಳಿ ಸುಮಾರು 340 ಡಿಗ್ರಿಯನ್ನಷ್ಟೇ ತಲಪುತ್ತದೆ. ಡೀಸೆಲ್ ಸ್ವಯಂದಹನಗೊಳ್ಳುವ ಕನಿಷ್ಠ ಉಷ್ಣತೆ 210 ಡಿಗ್ರಿಯ ಸಮೀಪದಲ್ಲಿದ್ದರೂ ಅದು ಪ್ರಯೋಗಾಲಯದಲ್ಲಿ ಸಾಕಷ್ಟು ಕಾಲಾವಕಾಶ ಕೊಟ್ಟು ಅಳೆದ ಅಂಕಿ. ಎಂಜಿನ್ನಿನಲ್ಲಿ ಸಿಗುವುದು ಕೆಲವೇ ಮಿಲಿಸೆಕೆಂಡುಗಳು. ಈ ಅಲ್ಪಾವಧಿಯಲ್ಲಿ ಇಂಧನ ಹೊತ್ತಿಕೊಳ್ಳಲು ಗಾಳಿ ಅದಕ್ಕಿಂತ ಬಹಳ ಹೆಚ್ಚು ಬಿಸಿಯಾಗಿರಬೇಕು.

1980 ಮತ್ತು 1990ರ ದಶಕಗಳ ಭಾರತೀಯ ಡೀಸೆಲ್ ಕಾರುಗಳಲ್ಲಿ ಬಹುಪಾಲು ಪರೋಕ್ಷ ಇಂಧನ ಸಿಂಪಡಿಕೆಯ ಎಂಜಿನ್‌ಗಳಿದ್ದವು. 1489 ಘನ ಸೆಂಟಿಮೀಟರಿನ ಎಂಜಿನ್ ಹೊಂದಿದ್ದ ಅಂಬಾಸಿಡರ್ ಡೀಸೆಲ್, ಪ್ಯೂಜೋ ಎಂಜಿನ್ ಅಳವಡಿಸಿದ್ದ ಮಹೀಂದ್ರ ಜೀಪುಗಳು, 1994ರಲ್ಲಿ ಬಂದ ಟಾಟಾ ಸುಮೊ, ಅನಂತರದ ಟಾಟಾ ಇಂಡಿಕಾ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಇಂಧನವು ಮುಖ್ಯ ಸಿಲಿಂಡರಿಗೆ ಬದಲಾಗಿ ಪಕ್ಕದ ಚಿಕ್ಕ ಕೋಣೆಯೊಳಗೆ ಸಿಂಪಡಿಸಲ್ಪಡುತ್ತದೆ. ಆ ಕೋಣೆಯ ಗೋಡೆ ಹೆಚ್ಚು ಶಾಖವನ್ನು ಹೀರುವುದರಿಂದ ತಣ್ಣಗಿರುವಾಗ ಹೊರಗಿನ ನೆರವು ಬೇಕಾಗುತ್ತದೆ. ಆ ನೆರವೇ ಗ್ಲೋ ಪ್ಲಗ್. ಗ್ಯಾರೇಜುಗಳ ಭಾಷೆಯಲ್ಲಿ ಹೀಟರ್ ಪ್ಲಗ್. ನೇರ ಸಿಂಪಡಿಕೆಯ ಅನೇಕ ಲಾರಿ ಹಾಗೂ ಟ್ರ್ಯಾಕ್ಟರ್ ಎಂಜಿನ್‌ಗಳು ದಕ್ಷಿಣ ಭಾರತದ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆಯೇ ಚಾಲನೆಗೊಳ್ಳುತ್ತವೆ.

ಹೊಗೆಯಿಂದ ದೋಷ ಗುರುತಿಸುವಿಕೆ

ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಇದು. ಸೆಲ್ಫ್ ಹೊಡೆಯುತ್ತಿರುವಾಗ ಒಬ್ಬರು ಹಿಂದೆ ನಿಂತು ಸೈಲೆನ್ಸರನ್ನು ಗಮನಿಸಬೇಕಾಗುತ್ತದೆ. ಬಿಳಿ ಅಥವಾ ಬೂದುಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರನ್ನು ತಲಪುತ್ತಿದೆ, ಆದರೆ ಉರಿಯದೆ ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಆಗ ಹೀಟರ್ ಪ್ಲಗ್, ತಿರುಗುವ ವೇಗ, ಸಂಪೀಡನ ಅಥವಾ ಇಂಧನ ಸಿಂಪಡಿಕೆಯ ಸಮಯ ಇವುಗಳಲ್ಲಿ ದೋಷವನ್ನು ಹುಡುಕಲಾಗುತ್ತದೆ. ಹೊಗೆಯೇ ಇಲ್ಲದಿದ್ದರೆ ಇಂಧನ ಬರುತ್ತಿಲ್ಲ. ಹೀಟರ್ ಪ್ಲಗ್ ಬದಲಿಸುವುದು ವ್ಯರ್ಥ ಖರ್ಚು. ಈ ಎರಡನ್ನು ಪ್ರತ್ಯೇಕಿಸದೆ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದರಿಂದಲೇ ಹಳೆಯ ಕಾರುಗಳ ದುರಸ್ತಿ ದುಬಾರಿಯಾಗುತ್ತದೆ.

ಬ್ಯಾಟರಿ ಮತ್ತು ಸೆಲ್ಫ್ ಮೋಟರ್

ಪೂರ್ಣ ಚಾರ್ಜ್ ಆಗಿರುವ ಬ್ಯಾಟರಿಯು ರಾತ್ರಿಯಿಡೀ ನಿಂತ ಮೇಲೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ವೋಲ್ಟ್ ಎಂದರೆ ಅರ್ಧದಷ್ಟು ಚಾರ್ಜ್ ಮಾತ್ರ ಉಳಿದಿದೆ. ಸೆಲ್ಫ್ ತಿರುಗುತ್ತಿರುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವೆಂದು ಅಥವಾ ಸೆಲ್ಫ್ ಮೋಟರ್ ಅತಿಯಾಗಿ ವಿದ್ಯುತ್ ಎಳೆಯುತ್ತಿದೆಯೆಂದು ತಿಳಿಯಲಾಗುತ್ತದೆ. ವೋಲ್ಟೇಜ್ ಚೆನ್ನಾಗಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಅರ್ಥಿಂಗ್ ತಂತಿಯ ತುಕ್ಕು, ಸಡಿಲವಾದ ಟರ್ಮಿನಲ್ ಅಥವಾ ಸವೆದ ಕಾರ್ಬನ್ ಬ್ರಷ್ ಕಾರಣವಾಗಿರಬಹುದು. ಬ್ಯಾಟರಿಯ ಋಣಧ್ರುವ ಮತ್ತು ಎಂಜಿನ್ ಬ್ಲಾಕ್ ನಡುವೆ, ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡುಬಂದರೆ ಅರ್ಥಿಂಗ್ ಸರಿಯಿಲ್ಲ.

ಹೀಟರ್ ಪ್ಲಗ್‌ಗಳ ಪರೀಕ್ಷೆ

ಪೆನ್ಸಿಲ್ ಮಾದರಿಯ ಪ್ಲಗ್‌ಗಳು ಒಂದು ಲೋಹದ ಪಟ್ಟಿಯ ಮೂಲಕ ಸಮಾಂತರವಾಗಿ ಜೋಡಿಸಲ್ಪಟ್ಟಿರುತ್ತವೆ. ಒಂದು ಸುಟ್ಟುಹೋದರೂ ಉಳಿದವು ಕೆಲಸ ಮಾಡುತ್ತವೆ. ಆದ್ದರಿಂದ ನಾಲ್ಕರಲ್ಲಿ ಎರಡು ಸುಟ್ಟ ಕಾರು ಬೇಸಿಗೆಯಿಡೀ ಯಾವ ತೊಂದರೆಯನ್ನೂ ಕೊಡದೆ, ಚಳಿಗಾಲದಲ್ಲಿ ಒಮ್ಮೆಲೇ ಕೈಕೊಡುತ್ತದೆ. ಚಾಲನೆಗೊಂಡ ಮೇಲೂ ಅರ್ಧ ನಿಮಿಷ ಎಂಜಿನ್ ನಡುಗುತ್ತ, ಬಿಳಿ ಹೊಗೆ ಉಗುಳಿ, ಅನಂತರ ಸರಿಹೋಗುವುದು ಇದರ ಸ್ಪಷ್ಟ ಲಕ್ಷಣ. ಇನ್ನೂ ಹಳೆಯ, ಬರಿಯ ತಂತಿಸುರುಳಿಯ ಪ್ಲಗ್‌ಗಳನ್ನು ಸಾಲಾಗಿ ಜೋಡಿಸುತ್ತಿದ್ದುದರಿಂದ ಒಂದು ತುಂಡಾದರೆ ಎಲ್ಲವೂ ನಿಷ್ಕ್ರಿಯವಾಗುತ್ತಿದ್ದವು. ಆ ಮಾದರಿಯ ಪ್ಲಗ್‌ಗೆ ನೇರವಾಗಿ 12 ವೋಲ್ಟ್ ಕೊಟ್ಟರೆ ಅದು ಕ್ಷಣದಲ್ಲಿ ಸುಡುತ್ತದೆ.

ಪರೀಕ್ಷೆಗಾಗಿ ಲೋಹದ ಪಟ್ಟಿಯನ್ನು ಕಳಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಧನಧ್ರುವಕ್ಕೂ ಇನ್ನೊಂದನ್ನು ಪ್ರತಿ ಪ್ಲಗ್‌ನ ತಲೆಗೂ ತಾಗಿಸಲಾಗುತ್ತದೆ. ದೀಪ ಹೊತ್ತಿಕೊಂಡರೆ ಪ್ಲಗ್ ತುಂಡಾಗಿಲ್ಲ. ಮಲ್ಟಿಮೀಟರಿನಲ್ಲಿ ಸುಸ್ಥಿತಿಯ ಪ್ಲಗ್ ಸುಮಾರು ಒಂದು ಓಮ್‌ನಷ್ಟು ಅಥವಾ ಅದಕ್ಕಿಂತ ಕಡಿಮೆ ಪ್ರತಿರೋಧ ತೋರಿಸುತ್ತದೆ. ಪಟ್ಟಿ ಜೋಡಿಸಿರುವಾಗಲೇ ಅಳೆದರೆ ನಾಲ್ಕರ ಒಟ್ಟು ಪ್ರತಿರೋಧ ಸಿಗುವುದರಿಂದ ತಪ್ಪು ತೀರ್ಮಾನವಾಗುತ್ತದೆ. ಪ್ಲಗ್‌ಗಳೆಲ್ಲ ಸರಿಯಿದ್ದೂ ಪಟ್ಟಿಗೆ ವಿದ್ಯುತ್ ಬಾರದಿದ್ದರೆ ರಿಲೇ ಅಥವಾ ಅದರ ದೊಡ್ಡ ಫ್ಯೂಸನ್ನು ನೋಡಬೇಕು. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹೊತ್ತಿ ಆರುತ್ತದೆ ಎಂಬುದು ಪ್ಲಗ್ ಕಾದಿದೆ ಎಂಬುದಕ್ಕೆ ಪುರಾವೆಯಲ್ಲ. ಅನೇಕ ಕಾರುಗಳಲ್ಲಿ ಆ ದೀಪ ಕೇವಲ ಸಮಯ ಎಣಿಸುತ್ತದೆ. ಪ್ಲಗ್‌ಗಳನ್ನು ಬಿಚ್ಚುವಾಗ ಎಂಜಿನ್ ಬೆಚ್ಚಗಿರುವುದು ಒಳ್ಳೆಯದು. ಮಸಿಯಿಂದ ಹಿಡಿದುಕೊಂಡಿರುವ ಪ್ಲಗ್‌ಗೆ ಬಲ ಹಾಕಿದರೆ ಅದು ಮುರಿದು ಸಿಲಿಂಡರ್ ಹೆಡ್ ಇಳಿಸುವ ಕೆಲಸಕ್ಕೆ ಎಡೆಯಾಗುತ್ತದೆ.

ಇಂಧನ ಮಾರ್ಗದಲ್ಲಿ ಗಾಳಿ

ಮೆಕ್ಯಾನಿಕ್‌ಗಳು 'ಏರ್ ಹಿಡಿಯುವುದು' ಎನ್ನುವ ಈ ದೋಷವು ಹೀಟರ್ ಪ್ಲಗ್ ದೋಷದಂತೆಯೇ ಮುಖವಾಡ ಧರಿಸುತ್ತದೆ. ಪೈಪಿನ ಸಣ್ಣ ಬಿರುಕು, ಸಡಿಲವಾದ ಕ್ಲಿಪ್, ಫಿಲ್ಟರಿನ ವಾಷರ್ ಅಥವಾ ನೋಝಲ್‌ಗಳಿಂದ ಹಿಂತಿರುಗುವ ತೆಳು ಕೊಳವೆಯ ಮೂಲಕ ಗಾಳಿ ಒಳಸೇರುತ್ತದೆ. ಎಂಜಿನ್ ನಿಂತ ಮೇಲೆ ರಾತ್ರಿ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಜಾರುತ್ತದೆ. ಬೆಳಿಗ್ಗೆ ಬಹಳ ಹೊತ್ತು ಹೊಗೆಯಿಲ್ಲದೆ ತಿರುಗಿ, ಒಮ್ಮೆ ಹೊತ್ತಿಕೊಂಡು ಆರಿ, ಮತ್ತೆ ಚಾಲನೆಗೊಂಡ ಮೇಲೆ ದಿನವಿಡೀ ಸರಿಯಾಗಿರುತ್ತದೆ. ಕಾರನ್ನು ಇಳಿಜಾರಿನಲ್ಲಿ, ಟ್ಯಾಂಕಿನ ಭಾಗ ಮೇಲಿರುವಂತೆ ನಿಲ್ಲಿಸಿದಾಗ ತೊಂದರೆ ಕಡಿಮೆಯಾದರೆ ಅನುಮಾನ ಬಲವಾಗುತ್ತದೆ. ಸೆಲ್ಫ್ ಹೊಡೆಯುವ ಮೊದಲು ಫಿಲ್ಟರಿನ ಮೇಲಿನ ಹ್ಯಾಂಡ್ ಪ್ರೈಮರನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡುವುದು ನಿರ್ಣಾಯಕ ಪರೀಕ್ಷೆ: ಹಾಗೆ ಮಾಡಿದಾಗ ಎಂಜಿನ್ ತಟ್ಟನೆ ಚಾಲನೆಗೊಂಡರೆ ದೋಷ ಇಂಧನ ಮಾರ್ಗದ್ದೇ. ಪಂಪಿಗೆ ಹೋಗುವ ಪೈಪಿನ ಒಂದು ಭಾಗಕ್ಕೆ ಪಾರದರ್ಶಕ ಕೊಳವೆ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ.

ಈ ಕಾಲದ ಭಾರತೀಯ ಕಾರುಗಳ ಸಿಂಪಡಿಕೆ ಪಂಪುಗಳ ಬಹುದೊಡ್ಡ ಭಾಗ ಬೆಂಗಳೂರಿನಿಂದಲೇ ಬರುತ್ತಿತ್ತು. 1951ರಲ್ಲಿ ಸ್ಥಾಪನೆಯಾಗಿ ಜನರ ಬಾಯಲ್ಲಿ 'ಮೈಕೊ' ಎಂದೇ ಉಳಿದ ಮೋಟರ್ ಇಂಡಸ್ಟ್ರೀಸ್ ಕಂಪನಿಯು 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಗಂಧಕ ಹೆಚ್ಚಿದ್ದ ಡೀಸೆಲ್‌ನ ಕಾಲದಲ್ಲಿ ತಯಾರಾದ ಪಂಪುಗಳ ರಬ್ಬರ್ ಸೀಲುಗಳು ವಯಸ್ಸಾದಂತೆ ಬಿರುಸಾಗುತ್ತವೆ. ಇಂಧನದ ಸಂಯೋಜನೆ ಬದಲಾದಾಗ ಇಂತಹ ಸೀಲುಗಳು ಕುಗ್ಗಿ ಸೋರುವುದುಂಟು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಪಂಪಿನ ಹೊರಮೈ ಒದ್ದೆಯಾಗಿದ್ದರೆ ಸೀಲುಗಳ ಸೆಟ್ ಬದಲಿಸುವುದೇ ಪರಿಹಾರ.

ಎಂಜಿನ್ನಿನ ಸವೆತ

ಮೇಲಿನ ಎಲ್ಲವೂ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಸಂಪೀಡನವನ್ನು ಅಳೆಯಲಾಗುತ್ತದೆ. ಪರೋಕ್ಷ ಸಿಂಪಡಿಕೆಯ ಹೊಸ ಎಂಜಿನ್‌ಗಳಲ್ಲಿ ಅದು ಸುಮಾರು 30 ಬಾರ್ ಇರುತ್ತದೆ. 20 ಬಾರ್ ಸಮೀಪಿಸಿದರೆ ಶೀತಾರಂಭ ಕಷ್ಟ. ಪೆಟ್ರೋಲ್ ಎಂಜಿನ್ನಿನ ಮಾಪಕ ಈ ಒತ್ತಡಕ್ಕೆ ಸಾಲದು. ಅಳೆಯುವ ಮೊದಲು ಟ್ಯಾಪೆಟ್ ಅಂತರವನ್ನು ಸರಿಪಡಿಸುವುದು ಲೇಸು, ಏಕೆಂದರೆ ಅಂತರ ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚದೆ ರಿಂಗ್ ಸವೆದಂತೆಯೇ ಕಾಣುತ್ತದೆ. ಇಳಕಲ್ ಸುತ್ತಲಿನ ಗ್ರಾನೈಟ್ ಗಣಿಗಳ ರಸ್ತೆಗಳಲ್ಲಿ ಓಡಾಡುವ ವಾಹನಗಳಿಗೆ ಧೂಳು ದೊಡ್ಡ ಶತ್ರು. ಏರ್ ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ಕಲ್ಲಿನ ಪುಡಿಯು ಸಿಲಿಂಡರ್ ಬೋರನ್ನು ಉಜ್ಜಿ ಸವೆಸುತ್ತದೆ. ಅದರ ಫಲ ಕೆಲವು ವರ್ಷಗಳ ಬಳಿಕ ಚಳಿಗಾಲದ ಬೆಳಗಿನಲ್ಲಿ ಕಾಣಿಸಿಕೊಳ್ಳುತ್ತದೆ. ಟೈಮಿಂಗ್ ಚೈನ್ ಸಡಿಲವಾಗಿ ಸಿಂಪಡಿಕೆ ತಡವಾಗುವುದು, ನೋಝಲ್ ತೊಟ್ಟಿಕ್ಕುವುದು ಇತರ ಕಾರಣಗಳು. ಇವಕ್ಕೆ ಪಂಪ್ ಮತ್ತು ನೋಝಲ್ ಪರೀಕ್ಷಾ ಯಂತ್ರವಿರುವ ಕಾರ್ಯಾಗಾರ ಬೇಕು.

ಅಪಾಯಕಾರಿ ವಿಧಾನಗಳು

ಏರ್ ಫಿಲ್ಟರಿನೊಳಗೆ ಈಥರ್ ಸ್ಪ್ರೇ ಅಥವಾ ಪೆಟ್ರೋಲ್ ಹಾಕಿ ಚಾಲನೆಗೊಳಿಸುವ ರೂಢಿ ಇದೆ. ಹೀಟರ್ ಪ್ಲಗ್ ಕಾದಿರುವ ಎಂಜಿನ್ನಿನಲ್ಲಿ ಇದು ಸ್ಫೋಟಕ್ಕೆ ಸಮಾನ. ಪಿಸ್ಟನ್ ನೇರ ಸ್ಥಾನಕ್ಕೆ ಬರುವ ಮೊದಲೇ ಹೊತ್ತಿಕೊಂಡರೆ ರಿಂಗ್ ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಉರಿಯುವ ಬಟ್ಟೆಯನ್ನು ಗಾಳಿಯ ದ್ವಾರಕ್ಕೆ ಹಿಡಿಯುವುದರಿಂದ ವಾಹನಕ್ಕೇ ಬೆಂಕಿ ತಗಲುವ ಭಯವಿದೆ. ತಳ್ಳಿ ಚಾಲನೆಗೊಳಿಸುವಾಗ ಹಳೆಯ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಸೆಲ್ಫನ್ನು ಒಮ್ಮೆಗೆ 10–15 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕೆಂಬುದು ಸಾಮಾನ್ಯ ನಿಯಮ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯಕರ. ನೋಝಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಗಾಯ ಸೂಜಿಮೊನೆಯಷ್ಟೇ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭವದು.

ನೋಂದಣಿ ಮತ್ತು ಹೊಗೆ ತಪಾಸಣೆ

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಬಳಿಕ ಐದೈದು ವರ್ಷಗಳಿಗೆ ನವೀಕರಿಸಬೇಕಾಗುತ್ತದೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆಯ ಮಿತಿ 65 ಹಾರ್ಟ್‌ರಿಜ್ ಘಟಕ. ಈ ತಪಾಸಣೆ ಬಿಸಿಯಾದ ಎಂಜಿನ್ನಿನ ಮೇಲೆ ನಡೆಯುವುದರಿಂದ, ಬೆಳಿಗ್ಗೆ ಬಿಳಿ ಹೊಗೆ ಉಗುಳುವ ಕಾರು ಅದರಲ್ಲಿ ಉತ್ತೀರ್ಣವಾಗುವುದು ಅಸಹಜವೇನಲ್ಲ.