ನೆಲಕ್ಕೂ ಗಾಳಿಗೂ ನಡುವಣ ಕಾರ್ಬನ್ ಮಾನಾಕ್ಸೈಡ್: ಒಂದು ಅಳತೆಯ ಚರಿತ್ರೆ

ಕಾರ್ಬನ್ ಮಾನಾಕ್ಸೈಡ್ ಎಂದೊಡನೆ ಮುಚ್ಚಿದ ಕೋಣೆಯಲ್ಲಿ ಕನಲುವ ಇದ್ದಿಲಿನ ಒಲೆ, ಮೋಟಾರು ಬಂಡಿಗಳ ಹೊಗೆ, ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದು ಉಸಿರನ್ನು ನಿಷ್ಫಲಗೊಳಿಸುವ ವಿಷ, ಇವು ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಈ ಅನಿಲವು ಕಾರ್ಖಾನೆಗಳಿಂದ ಬಹುದೂರದ ನಿರ್ಮಲವಾದ ಗಾಳಿಯಲ್ಲಿಯೂ ಸದಾ ಇರುವುದೆಂಬ ಸಂಗತಿ ತಿಳಿದುಬಂದದ್ದು 1949ರಲ್ಲಿ, ಬೆಲ್ಜಿಯಮ್ಮಿನ ಮಾರ್ಸೆಲ್ ಮಿಜೋಟ್ ಎಂಬ ವಿಜ್ಞಾನಿ ಅಮೆರಿಕದ ಒಹಾಯೊ ಪ್ರಾಂತದಲ್ಲಿ ಸೂರ್ಯಪ್ರಕಾಶದ ಅವಕೆಂಪು ರೋಹಿತವನ್ನು ಪರೀಕ್ಷಿಸುತ್ತಿದ್ದಾಗ, 4.7 ಮೈಕ್ರಾನಿನ ನೆರೆಯಲ್ಲಿ ಈ ಅನಿಲದ ಶೋಷಣರೇಖೆಗಳನ್ನು ಗುರುತಿಸಿದಾಗ. ಅದರ ಪ್ರಮಾಣ ಅತ್ಯಲ್ಪ. ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು ನೂರು ಮಾತ್ರ, ಉತ್ತರಾರ್ಧ ಗೋಳದಲ್ಲಿ ಅದಕ್ಕಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಕಡಿಮೆ.

ಇಷ್ಟು ಸ್ವಲ್ಪವಾದ ಅನಿಲವನ್ನು ಕುರಿತು ಇಷ್ಟೊಂದು ಶ್ರಮವೇಕೆ ಎಂದು ಯಾರಾದರೂ ಕೇಳಿದರೆ, ಉತ್ತರವು ಹೈಡ್ರಾಕ್ಸಿಲ್ ಎಂಬ ಅಲ್ಪಾಯುಷಿಯಾದ ಕಣದಲ್ಲಿದೆ. ವಾಯುಮಂಡಲವನ್ನು ಶುದ್ಧಿಗೊಳಿಸುವ ಮುಖ್ಯ ಸಾಧನ ಅದು. ಮೀಥೇನನ್ನು ಉತ್ಕರ್ಷಿಸಿ ಕಳೆಯುವುದೂ ಅದೇ. ಕಾರ್ಬನ್ ಮಾನಾಕ್ಸೈಡು ಹೆಚ್ಚಿದಷ್ಟೂ ಹೈಡ್ರಾಕ್ಸಿಲ್ ಅದಕ್ಕೇ ವ್ಯಯವಾಗಿ, ಮೀಥೇನಿನ ಆಯುಸ್ಸು ದೀರ್ಘವಾಗುವುದು. ಆದಕಾರಣ ತಾನು ಹೆಚ್ಚು ಶಾಖವನ್ನು ಹಿಡಿಯದಿದ್ದರೂ, ಭೂಮಿಯ ತಾಪಕ್ಕೆ ಇದು ಪರೋಕ್ಷವಾಗಿ ಕಾರಣವಾಗುವುದು.

1960ರ ದಶಕದ ಅಂತ್ಯದವರೆಗೂ ಈ ಅನಿಲವು ಗಾಳಿಯಲ್ಲಿ ಕೆಲವು ವರ್ಷಗಳ ಕಾಲ ಉಳಿಯುವುದೆಂದು ಎಣಿಸಿದ್ದರು. 1969ರಲ್ಲಿ ವೈನ್‌ಸ್ಟಾಕ್ ಎಂಬವರು, ವಿಶ್ವಕಿರಣಗಳಿಂದ ಮೇಲಿನ ವಾಯುವಿನಲ್ಲಿ ಹುಟ್ಟುವ ವಿಕಿರಣಶೀಲ ಕಾರ್ಬನ್ನಿನ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು, ಅದರ ಆಯುಸ್ಸು ವರ್ಷದ ಹತ್ತನೆಯ ಒಂದು ಭಾಗದಷ್ಟೇ ಇರಬೇಕೆಂದು ಗಣಿಸಿದರು. ಈಗ ಒಪ್ಪಿರುವ ಸರಾಸರಿ ಎರಡು ತಿಂಗಳು. ಹಾಗಾದರೆ ಅಷ್ಟು ಶೀಘ್ರವಾಗಿ ಅದನ್ನು ನುಂಗುವುದು ಯಾವುದು? 1971ರಲ್ಲಿ ಎರಡು ಉತ್ತರಗಳು ಏಕಕಾಲಕ್ಕೆಂಬಂತೆ ಬಂದುವು. ಕೆಳವಾಯುಮಂಡಲದಲ್ಲಿಯೇ ಸೂರ್ಯನ ಬೆಳಕಿನಿಂದ ಹೈಡ್ರಾಕ್ಸಿಲ್ ಧಾರಾಳವಾಗಿ ಹುಟ್ಟುವುದೆಂದು ಹೈರಮ್ ಲೆವಿ ತೋರಿಸಿದರು. ಅದೇ ಪ್ರಧಾನವಾದ ಉತ್ತರವೆಂದು ಮುಂದೆ ಸಿದ್ಧವಾಯಿತು. ಎರಡನೆಯದು ಕಾಲಕೆಳಗಿನ ಮಣ್ಣಿನಿಂದ ಬಂದಿತು, ಈ ಲೇಖನದ ವಿಷಯವೂ ಅದೇ.

ಕ್ಯಾಲಿಫೋರ್ನಿಯದಲ್ಲಿ ಇನ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಕುಂಡದ ಮಣ್ಣನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ದಶಲಕ್ಷಕ್ಕೆ 120 ಭಾಗ ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿಯನ್ನು ತುಂಬಿದರು. ಮೂರು ಗಂಟೆಗಳೊಳಗೆ ಆ ಅನಿಲವು ಬಹುಮಟ್ಟಿಗೆ ಶೂನ್ಯವಾಯಿತು. ಮಣ್ಣನ್ನು ಹಬೆಯಲ್ಲಿ ಬೇಯಿಸಿದರೆ ಆ ಶಕ್ತಿ ಅಡಗಿತು. ಜೀವಿನಿರೋಧಕ ಔಷಧಗಳನ್ನು ಬೆರೆಸಿದರೂ, ಆಮ್ಲಜನಕವನ್ನು ತೆಗೆದರೂ ಅಡಗಿತು. ಬೇಯಿಸಿದ ಮಣ್ಣಿಗೆ ಹಸಿಮಣ್ಣಿನ ಚಿಟಿಕೆಯನ್ನು ಬೆರೆಸಿಟ್ಟರೆ ಕೆಲಕಾಲದ ಮೇಲೆ ಶಕ್ತಿ ಮರಳಿ ಬಂದಿತು. ಕೆಲಸ ಮಾಡುತ್ತಿದ್ದುದು ಮಣ್ಣಿನ ಸೂಕ್ಷ್ಮಜೀವಿಗಳೆಂಬುದಕ್ಕೆ ಇದಕ್ಕಿಂತ ಸರಳವೂ ನಿಸ್ಸಂದೇಹವೂ ಆದ ಪ್ರಮಾಣವನ್ನು ಕಲ್ಪಿಸುವುದು ಕಷ್ಟ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರವಾದ ಪ್ರಯೋಗ ಇದೇ.

ಆದರೆ ಇಲ್ಲಿಯೇ ಒಂದು ತೊಡಕೂ ಅಡಗಿದ್ದಿತು. ನಿಜವಾದ ಗಾಳಿಯಲ್ಲಿರುವುದಕ್ಕಿಂತ ಸಾವಿರ ಪಟ್ಟು ಅಧಿಕವಾದ ಸಾಂದ್ರತೆಯಲ್ಲಿ ಮಾಡಿದ ಅಳತೆಯಿಂದ ಇಡೀ ಭೂಮಿಯ ಲೆಕ್ಕವನ್ನು ಕಟ್ಟಹೊರಟರೆ ಫಲಿತಾಂಶವು ಅತಿಶಯವಾಗದೆ ಇರದು. ಸಹಜ ಸಾಂದ್ರತೆಯಲ್ಲಿಯೇ ಅಳೆಯಬೇಕಾದರೆ ಅತಿ ಸೂಕ್ಷ್ಮವಾದ ಉಪಕರಣ ಬೇಕಾಗಿದ್ದಿತು. ಅದನ್ನು ಪ್ರಯೋಜನಕ್ಕೆ ತಂದವರು ಜರ್ಮನಿಯ ಮೈಂಟ್ಸ್ ನಗರದ ವೋಲ್ಫ್‌ಗಾಂಗ್ ಸೈಲರ್: ಕಾಯಿಸಿದ ಪಾದರಸದ ಆಕ್ಸೈಡಿನ ಮೇಲೆ ಗಾಳಿಯನ್ನು ಹಾಯಿಸಿದರೆ ಅದರಲ್ಲಿನ ಕಾರ್ಬನ್ ಮಾನಾಕ್ಸೈಡು ಪಾದರಸದ ಆವಿಯನ್ನು ಬಿಡಿಸುವುದು, ಆ ಆವಿಯು ಹೀರಿಕೊಳ್ಳುವ ನೇರಳಾತೀತ ಬೆಳಕನ್ನು ಅಳೆದರೆ ಅನಿಲದ ಪ್ರಮಾಣ ದೊರೆಯುವುದು. 1981ರಲ್ಲಿ ಬಾರ್ತಲೊಮ್ಯೂ ಮತ್ತು ಅಲೆಗ್ಸಾಂಡರ್ ಎಂಬವರು ವಿಕಿರಣಶೀಲ ಕಾರ್ಬನ್ನಿನ ಗುರುತುಳ್ಳ ಅನಿಲವನ್ನು ಬಳಸಿ, ಜಗತ್ತಿನ ಮಣ್ಣು ವರ್ಷಕ್ಕೆ ಸುಮಾರು 41 ಕೋಟಿ ಟನ್ನಿನಷ್ಟನ್ನು ಹೀರುವುದೆಂದರು. 1996ರಲ್ಲಿ ಪಾಟರ್ ಮತ್ತು ಸಂಗಡಿಗರು, ಮಣ್ಣಿನ ರಂಧ್ರಗಳೊಳಗೆ ಅನಿಲವು ಇಳಿಯುವ ವೇಗವನ್ನು ಗಣನೆಗೆ ತಂದು, 1.6ರಿಂದ 5 ಕೋಟಿ ಟನ್ ಮಾತ್ರವೆಂದರು. ಒಂದೇ ಪ್ರಶ್ನೆಗೆ ಎಂಟು ಪಟ್ಟಿಗೂ ಮಿಗಿಲಾದ ಅಂತರದ ಉತ್ತರಗಳು!

ಈ ಅಂತರಕ್ಕೆ ಮೂಲಕಾರಣವು ಉಪಕರಣದ ದೋಷವಲ್ಲವೆಂಬುದು ರಾಲ್ಫ್ ಕಾನ್ರಾಡ್ ಮತ್ತು ಸೈಲರ್ ಇಬ್ಬರೂ 1980ರಿಂದ 1985ರ ವರೆಗೆ ಪ್ರಕಟಿಸಿದ ಸಂಶೋಧನೆಗಳಿಂದ ಸ್ಪಷ್ಟವಾಗುವುದು. ಮಣ್ಣು ಅನಿಲವನ್ನು ಹೀರುವುದಷ್ಟೇ ಅಲ್ಲ, ಉತ್ಪಾದಿಸುವುದೂ ಉಂಟು. ಹೀರುವ ಕೆಲಸ ಜೀವಿಗಳದು. ಉತ್ಪಾದನೆಯಾದರೋ ಸಾವಯವ ದ್ರವ್ಯವು ಬಿಸಿಲಿಗೆ ಕಾದು ರಾಸಾಯನಿಕವಾಗಿ ಒಡೆಯುವುದರಿಂದ ಆಗತಕ್ಕದ್ದು, ಅದಕ್ಕೆ ಜೀವಿಗಳ ಸಹಾಯವೇ ಬೇಡ. ಶಾಖ ಏರಿದಂತೆ ಉತ್ಪಾದನೆ ಏರುವುದು. ಜೀವಿಗಳ ಕಾರ್ಯವು ಒಂದು ಮಿತಿಯ ಮೇಲೆ ಕುಗ್ಗುವುದು, ಒಣಮಣ್ಣಿನಲ್ಲಿ ನಿಂತೇಹೋಗುವುದು. ಆದುದರಿಂದಲೇ ಶುಷ್ಕಪ್ರದೇಶದ ನೆಲವು ಹೀರುವ ಬದಲು ಅನಿಲವನ್ನು ಹೊರಬಿಡುವುದೆಂದು ಅವರು 1982ರಲ್ಲಿ ವರದಿಮಾಡಿದರು. ಅನಂತರ ವೆನಿಜುವೇಲದಲ್ಲಿ ಶಾರ್ಫೆ, ಸಾನ್ವೇಸ ಮೊದಲಾದವರ ತಂಡವು ಕಂಡದ್ದೂ ಇದೇ: ಕಾಡಿನ ನೆಲ ಹೀರುತ್ತಿದ್ದಿತು, ಹುಲ್ಲುಗಾವಲಿನ ನೆಲ ಹೊರಸೂಸುತ್ತಿದ್ದಿತು. ಮೇಲ್ಮೈಯಲ್ಲಿ ನಾವು ಅಳೆಯುವ ಅಂಕಿಯು ಒಂದು ಅಂಗಡಿಯ ಲೆಕ್ಕದಲ್ಲಿ ಜಮೆಯಿಂದ ಖರ್ಚನ್ನು ಕಳೆದು ಉಳಿಯುವ ಶಿಲ್ಕಿನಂತಹುದು. ಶಿಲ್ಕು ಸೊನ್ನೆಯಾದರೆ ವ್ಯಾಪಾರವೇ ನಡೆದಿಲ್ಲವೆಂದು ಹೇಳಲಾಗದು.

ಸಸ್ಯಗಳ ಪಾಲು ಇನ್ನೂ ಜಟಿಲ. ಹಸುರು ಗಿಡಗಳಲ್ಲಿ ಈ ಅನಿಲವಿರುವುದನ್ನು ವಿಲ್ಕ್ಸ್ 1959ರಲ್ಲಿಯೇ ಹೇಳಿದ್ದರು. ಟಾರ್, ಮಿಲ್ಲರ್, ಜೆಪ್ ಎಂಬ ಮೂವರು 1995ರಲ್ಲಿ ಎಲೆಗಳ ಮೇಲೆ ಬೆಳಕು ಬಿದ್ದಾಗ ಅನಿಲವು ನೇರವಾಗಿ ಹುಟ್ಟುವುದೆಂದೂ, ಒಣಗಿದ ಎಲೆಗಳಲ್ಲಿ ಅದು ಹಲವು ಪಟ್ಟು ಹೆಚ್ಚೆಂದೂ ತೋರಿಸಿದರು. ಮೈಂಟ್ಸಿನಲ್ಲಿ ಶಾಡೆ, ಕ್ರುಟ್ಜನ್ ಮುಂತಾದವರು 1999ರಲ್ಲಿ ಉದುರಿದ ತರಗೆಲೆಗಳು ಬೆಳಕಿಲ್ಲದೆ ಬರಿಯ ಶಾಖದಿಂದಲೂ ಅನಿಲವನ್ನು ಬಿಡುವುದನ್ನು ಅಳೆದರು.

ಇನ್ನು ಅಳೆಯುವ ವಿಧಾನದ ಮಾತು. ನೆಲದ ಮೇಲೆ ಪೆಟ್ಟಿಗೆಯನ್ನು ಬೋರಲಿಟ್ಟು ಒಳಗಿನ ಗಾಳಿಯ ಬದಲಾವಣೆಯನ್ನು ನೋಡುವುದು ಹಳೆಯ ರೀತಿ. ಅಗ್ಗ, ಸುಲಭ, ಇಂದಿಗೂ ಅನಿವಾರ್ಯ. ಆದರೆ ಅಪಾರದರ್ಶಕವಾದ ಪೆಟ್ಟಿಗೆಯು ಬೆಳಕನ್ನು ತಡೆದು ಉತ್ಪಾದನೆಯ ಒಂದು ಭಾಗವನ್ನು ಮರೆಮಾಚುವುದು. ಪಾರದರ್ಶಕವಾದ ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ಬಿಸಿಲಿನಲ್ಲಿ ತಾನೇ ಕಾರ್ಬನ್ ಮಾನಾಕ್ಸೈಡನ್ನು ಬಿಡಬಲ್ಲುದು. ಖಾಲಿ ಪೆಟ್ಟಿಗೆಯ ಪರೀಕ್ಷೆಯಿಲ್ಲದ ಹಗಲಿನ ಅಳತೆಗಳನ್ನು ನಂಬುವುದು ಸರಿಯಲ್ಲ. ಈ ಬಂಧನವನ್ನು ಕಳಚಿದುದು ಲೇಸರ್ ಉಪಕರಣ. ಗಾಳಿಯ ಮೇಲುಕೆಳಗಿನ ಸುಳಿಗಳ ವೇಗವನ್ನೂ ಅವು ಹೊತ್ತೊಯ್ಯುವ ಅನಿಲದ ಸಾಂದ್ರತೆಯನ್ನೂ ಸೆಕೆಂಡಿಗೆ ಹತ್ತು ಬಾರಿ ದಾಖಲಿಸಿ, ಎರಡರ ಏರಿಳಿತಗಳ ಸಂಬಂಧದಿಂದ ವಿನಿಮಯವನ್ನು ಗಣಿಸುವ ಸುಳಿ-ಸಹವಿಚಲನದ ಕ್ರಮವು ಇದರಿಂದ ಈ ಅನಿಲಕ್ಕೂ ಸಾಧ್ಯವಾಯಿತು. ಪೂರ್ವ ಫಿನ್‌ಲೆಂಡಿನ ಮಾನಿಂಕದಲ್ಲಿ, ಒಂದು ಬಗೆಯ ಜೊಂಡುಹುಲ್ಲಿನ ಹೊಲದ ಮೇಲೆ, ಮಾರಿ ಪಿಹ್ಲಾಟಿ ಮತ್ತು ಸಂಗಡಿಗರು 2011ರ ವಸಂತದಿಂದ ಶರತ್ಕಾಲದವರೆಗೆ ಎಡೆಬಿಡದೆ ಅಳೆದು 2016ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನಾನು ಈ ಕ್ಷೇತ್ರದ ಒಂದು ತಿರುವೆಂದು ಭಾವಿಸುತ್ತೇನೆ. ಅದೇ ಹೊಲವು ಹಗಲಿನಲ್ಲಿ ಅನಿಲವನ್ನು ಸೂಸಿತು, ರಾತ್ರಿ ಹೀರಿತು. ಹಳೆಯ ಒಣಹುಲ್ಲಿನ ಮೇಲೆ ಬಿಸಿಲು ನೇರವಾಗಿ ಬೀಳುವ ವಸಂತದಲ್ಲಿ ಒಟ್ಟಿನ ಮೇಲೆ ಮೂಲವಾಗಿದ್ದಿತು, ಹಸುರು ದಟ್ಟವಾದ ಮೇಲೆ ಗ್ರಾಹಕವಾಯಿತು.

ವರ್ಷದಲ್ಲೊಮ್ಮೆ, ಮಧ್ಯಾಹ್ನದ ಹೊತ್ತಿನಲ್ಲಿ, ಒಂದು ಪೆಟ್ಟಿಗೆಯಿಂದ ಪಡೆದ ಅಂಕಿಯನ್ನು ಖಂಡಕ್ಕೆಲ್ಲ ಹಬ್ಬಿಸುವ ಕಾಲವು ಇದರೊಡನೆ ಮುಗಿಯಿತೆಂದೇ ಹೇಳಬೇಕು. ಆದರೂ ದೀರ್ಘಕಾಲದ ಅಳತೆಗಳು ಹೆಚ್ಚಾಗಿ ನಡೆದಿರುವುದು ಯೂರೋಪು ಮತ್ತು ಉತ್ತರ ಅಮೆರಿಕಗಳ ತಣ್ಣನೆಯ, ತೇವದ ನೆಲದಲ್ಲಿ. ಕಾನ್ರಾಡ್ ಮತ್ತು ಸೈಲರ್ ಹೇಳಿದ ಒಣಗು ಮತ್ತು ಶಾಖ, ಅವುಗಳೊಡನೆ ಬಿಸಿಲಿಗೆ ತೆರೆದ ಕೂಳೆ, ಈ ಮೂರೂ ಒಟ್ಟಿಗೆ ಕೂಡುವುದು ಚೈತ್ರ ವೈಶಾಖಗಳ ದಖ್ಖನ್ ಬಯಲಿನಲ್ಲಿ. ಮೊದಲ ಮಳೆ ಬಿದ್ದೊಡನೆ ಸೂಕ್ಷ್ಮಜೀವಿಗಳು ಎಚ್ಚೆತ್ತು ಲೆಕ್ಕವು ಮಗುಚಿಬೀಳುವುದನ್ನು ನೋಡಲು ಇದಕ್ಕಿಂತ ತಕ್ಕ ಸ್ಥಳವಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮಣ್ಣಿನ ವಿಜ್ಞಾನಿಗಳು ರಾಯಚೂರಿನ ಎರೆಹೊಲದಲ್ಲಿಯೂ ಕೋಲಾರದ ಕೆಮ್ಮಣ್ಣಿನಲ್ಲಿಯೂ ಒಂದೊಂದು ಅಳತೆಯ ಕಂಬವನ್ನು ನೆಟ್ಟು, ಬೇಸಗೆಯಿಂದ ಮುಂಗಾರಿನವರೆಗೆ ಹಗಲಿರುಳೂ ಈ ವಿನಿಮಯವನ್ನು ದಾಖಲಿಸಬೇಕೆಂದು ನಾನು ಬೇಡುತ್ತೇನೆ.