ಗಂಜಿಯಿಂದ ಬ್ಯಾಂಕ್ ಖಾತೆಗೆ: ಸಂತ್ರಸ್ತ ಕುಟುಂಬದ ನೆರವು ನಡೆದುಬಂದ ದಾರಿ

1877ರ ಆರಂಭದಲ್ಲಿ ಮದ್ರಾಸು, ಮೈಸೂರು ಸೀಮೆಗಳ ಬರ ನೋಡಲು ವೈಸರಾಯ್ ಲಿಟ್ಟನ್ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಸಾಕೆಂದು ಆತ ಗೊತ್ತುಮಾಡಿದ. ಒಂದು ಪೌಂಡ್ ಅಕ್ಕಿಯಲ್ಲಿ ಇರುವುದು ಸುಮಾರು 1,600 ಕ್ಯಾಲೊರಿ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ ಮೇಲೆ ಕೂಲಿ ಏರಿತು. ನಮ್ಮ ಹಿರಿಯರು ಧಾತು–ಈಶ್ವರ ಬರವೆಂದು ನೆನೆಯುತ್ತಿದ್ದ ಆ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲೇ ಲಕ್ಷಾಂತರ ಜನ ಸತ್ತರು.

ಆ ಸಾವುಗಳ ಬೆನ್ನಿಗೇ 1880ರ ಕ್ಷಾಮ ಆಯೋಗದ ವರದಿ ಬಂತು, ಅದರಿಂದ ಪ್ರಾಂತ್ಯಗಳ ಕ್ಷಾಮ ಸಂಹಿತೆಗಳು ಹುಟ್ಟಿದವು. ಕೈಲಾದವರಿಗೆ ಕೆಲಸ ಕೊಟ್ಟು ಕೂಲಿ, ಕೈಲಾಗದವರಿಗೆ ಪುಕ್ಕಟೆ ನೆರವು ಎಂಬುದು ಅವುಗಳ ಸೂತ್ರ. ಆಪತ್ತು ಬರುವ ಮೊದಲೇ ನಿಯಮ ಬರೆದಿಟ್ಟುಕೊಳ್ಳುವ ಪಾಠವನ್ನು ನಮಗೆ ಕಲಿಸಿದ್ದು ಈ ಸಂಹಿತೆಗಳೇ. ಆದರೆ ಹಸಿದವನು ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನವೂ ಅವುಗಳೊಳಗೇ ಕೂತಿತ್ತು. ಅದು ಇಂದಿಗೂ ಪೂರ್ತಿ ತೊಲಗಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಗೆ ನೆರವು ಡಬ್ಬಿ, ಬಕೆಟ್‌ಗಳ ರೂಪ ತಾಳಿತು. 2001ರ ಭುಜ್ ಭೂಕಂಪದ ಹೊತ್ತಿಗೆ ಇಂಗ್ಲೆಂಡಿನ ಶೆಲ್ಟರ್‌ಬಾಕ್ಸ್ ಸಂಸ್ಥೆ ಒಂದು ಕುಟುಂಬಕ್ಕೆ ಬೇಕಾದ ಡೇರೆ, ಹೊದಿಕೆ, ಅಡುಗೆ ಸಾಮಾನುಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ ಗುಜರಾತಿಗೆ ಕಳಿಸಿತು. ಅದೇ ಅವಧಿಯಲ್ಲಿ ಸ್ವಯಂಸೇವಾ ಸಂಸ್ಥೆಗಳು ಕೂಡಿ ರೂಪಿಸಿದ ‘ಸ್ಫಿಯರ್’ ಕೈಪಿಡಿ ಪ್ರತಿಯೊಬ್ಬರಿಗೂ ದಿನಕ್ಕೆ 2,100 ಕ್ಯಾಲೊರಿ ಆಹಾರ, 15 ಲೀಟರ್ ನೀರು ಎಂಬ ಅಳತೆ ಕೊಟ್ಟಿತು. ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ಪರಿಹಾರದ ಕನಿಷ್ಠ ಮಟ್ಟವನ್ನು ನಿಗದಿಪಡಿಸಲು ಹೇಳಿತು. ವಿಧವೆಯರು, ಅನಾಥರನ್ನು ಹೆಸರಿಸಿಯೇ ಹೇಳಿತು. ಈಗಿನ ಮಾರ್ಗಸೂಚಿಯ ಪ್ರಕಾರ ಪರಿಹಾರ ಶಿಬಿರದಲ್ಲಿ ವಯಸ್ಕರಿಗೆ ದಿನಕ್ಕೆ 2,400 ಕ್ಯಾಲೊರಿ ಸಿಗಬೇಕು. ಟೆಂಪಲ್‌ನ ಲೆಕ್ಕದಿಂದ ಇಲ್ಲಿಗೆ ಬಂದದ್ದು ದೊಡ್ಡ ಹೆಜ್ಜೆ.

ಆದರೆ ಅಳತೆ ಸರಿಯಾದ ಮಾತ್ರಕ್ಕೆ ವಸ್ತು ಸರಿಯಾಗಲಿಲ್ಲ. 2004ರ ಸುನಾಮಿಯ ನಂತರ ನಾಗಪಟ್ಟಿಣದ ಕಡೆ ದೇಶದ ಮೂಲೆಮೂಲೆಗಳಿಂದ ಲಾರಿಗಟ್ಟಲೆ ಹಳೆ ಬಟ್ಟೆ ಬಂದು ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಮೀನುಗಾರರು ಅದನ್ನು ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ: ಸಮುದ್ರ ಅವರ ದೋಣಿ, ಬಲೆಗಳನ್ನು ಒಯ್ದಿತ್ತೇ ಹೊರತು ಮಾನವನ್ನಲ್ಲ. ಅಂಶು ಗುಪ್ತಾ ಕಟ್ಟಿದ ‘ಗೂಂಜ್’ ಸಂಸ್ಥೆ ಆ ರಾಶಿಯನ್ನು ವಿಂಗಡಿಸಲು ಕೂತಿತು. ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಮಾಡುವ ಅದರ ಕೆಲಸ, ಕಿಟ್‌ಗಳ ಪಟ್ಟಿ ಬರೆಯುವ ಎಷ್ಟೋ ಜನಕ್ಕೆ ಹೊಳೆಯದಿದ್ದ ಅಗತ್ಯವೊಂದನ್ನು ಎಲ್ಲರ ಮುಂದಿಟ್ಟಿತು. ಪಟ್ಟಿ ಬರೆಯುವವರಲ್ಲಿ ಹೆಂಗಸರೇ ಇಲ್ಲದಿದ್ದರೆ ಅದು ಹೊಳೆಯುವುದಾದರೂ ಹೇಗೆ? ಇಷ್ಟೆಲ್ಲ ಆದರೂ 2024ರಲ್ಲಿ ವಯನಾಡಿನ ಭೂಕುಸಿತದ ಬಳಿಕ ತೊಡಲಾಗದ ಹಳೆ ಬಟ್ಟೆ ಮತ್ತೆ ಬಂತು. ಬದುಕಿದವರನ್ನು ನೋಡಿಕೊಳ್ಳಬೇಕಾದ ಕೈಗಳು ಕಸ ವಿಲೇವಾರಿಗೆ ನಿಲ್ಲಬೇಕಾಯಿತು. ಇದನ್ನು ಕ್ಷಮಿಸುವುದು ಕಷ್ಟ.

ಊರಲ್ಲಿ ಧಾನ್ಯವಿದ್ದೂ ಕೊಳ್ಳುವ ಶಕ್ತಿ ಇಲ್ಲದೆ ಜನ ಸಾಯುತ್ತಾರೆಂದು ಅಮರ್ತ್ಯ ಸೇನ್ 1981ರಲ್ಲೇ ತೋರಿಸಿದ್ದರು. ನೆರವಿನ ಲೋಕ ಅದನ್ನು ಆಚರಣೆಗೆ ತರಲು ಬಹಳ ಕಾಲ ಬೇಕಾಯಿತು. 2018ರ ಮಹಾಪೂರದಲ್ಲಿ ಕೇರಳ, 2019ರ ನೆರೆಯಲ್ಲಿ ಕರ್ನಾಟಕ ಪ್ರತಿ ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ ಕೊಟ್ಟವು. ಕೇಂದ್ರದ ಮಾನದಂಡದಲ್ಲಿ ಆಗ ಬಟ್ಟೆಗೆ 1,800, ಪಾತ್ರೆ ಪಗಡಕ್ಕೆ 2,000 ಇತ್ತು; 2022ರಲ್ಲಿ ಎರಡೂ ತಲಾ 2,500 ಆದವು. ಒಂದು ಸಂಸಾರದ ಹಾಸಿಗೆ, ಹೊದಿಕೆ, ಒಲೆ, ಕೊಡಪಾನ, ಮಕ್ಕಳ ಪುಸ್ತಕ ಎಲ್ಲ ಹೊಳೆ ಪಾಲಾದಾಗ ಐದು ಸಾವಿರ ಯಾವ ಮೂಲೆಗೂ ಸಾಲದು. ಹಾಗಿದ್ದರೂ ದುಡ್ಡಿನ ದಾರಿ ಸರಿಯಾದದ್ದು, ಯಾಕೆಂದರೆ ಮೊದಲು ಚಾಪೆಯೋ ಔಷಧಿಯೋ ಎಂದು ತೀರ್ಮಾನಿಸುವವರು ಆ ಮನೆಯವರೇ ಆಗುತ್ತಾರೆ. ಅಂಗಡಿ ಮುಂಗಟ್ಟುಗಳೇ ಮುಳುಗಿರುವ ಮೊದಲ ದಿನಗಳ ಮಾತು ಬೇರೆ; ಆಗ ಬೇಕಾದದ್ದು ಕುಡಿಯುವ ನೀರು, ಬಿಸಿ ಊಟ, ಇಲ್ಲವೇ ಒಡಿಶಾದವರು ಚಂಡಮಾರುತದ ಹೊತ್ತಿಗೆ ಹಂಚುವ ಅವಲಕ್ಕಿ, ಬೆಲ್ಲ.

ದುಡ್ಡಿಗೂ ತನ್ನದೇ ತೊಡಕಿದೆ. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರನ್ನು ಕಾಗದ ಒಂದೇ ಕುಟುಂಬವೆಂದು ಎಣಿಸುತ್ತದೆ. ಬಾಡಿಗೆಗಿದ್ದವರ ಹೆಸರು ಬಿಟ್ಟುಹೋಗುತ್ತದೆ. ನೆರೆಯಲ್ಲಿ ಕೊಚ್ಚಿಹೋದ ರೇಷನ್ ಕಾರ್ಡನ್ನೇ ಪುರಾವೆಯಾಗಿ ಕೇಳುವ ಸಂದರ್ಭಗಳೂ ಇವೆ. ಟೆಂಪಲ್ ಕಾಲದ ಅನುಮಾನ ತೊಲಗಿಲ್ಲ ಎಂದದ್ದು ಇದಕ್ಕೇ.

ಈ ದಾರಿಯ ಈಚಿನ ತಿರುವು ಬಾಂಗ್ಲಾದೇಶದ್ದು. 2020ರ ಜುಲೈನಲ್ಲಿ ಜಮುನಾ ನದಿಯ ನೆರೆ ಮುನ್ಸೂಚನೆ ನೋಡಿ, ವಿಶ್ವ ಆಹಾರ ಕಾರ್ಯಕ್ರಮವು ನೀರು ತುದಿ ಮುಟ್ಟುವ ಮೊದಲೇ ಕುಟುಂಬಗಳಿಗೆ ತಲಾ 4,500 ಟಾಕಾ ಕಳಿಸಿತು. ದನಕರು, ಸಾಮಾನು ಸಾಗಿಸಲು, ದಿನಸಿ ಕೂಡಿಡಲು ದುಡ್ಡು ಬೇಕಾಗುವುದು ಆಗಲೇ ತಾನೆ?

ನಮ್ಮಲ್ಲೂ ಇದು ಆಗಬೇಕು. ಕೊಯ್ನಾ, ಉಜನಿ ಜಲಾಶಯಗಳಿಂದ ನೀರು ಬಿಟ್ಟರೆ ಕೃಷ್ಣೆ, ಭೀಮೆಯರ ದಂಡೆಯಲ್ಲಿ ಯಾವ ಊರಿಗೆ ನುಗ್ಗುತ್ತದೆಂದು ತಹಶೀಲ್ದಾರರಿಗೂ ಗೊತ್ತು, ಊರವರಿಗೂ ಗೊತ್ತು. ಆ ಊರುಗಳಲ್ಲಿ ಒಲೆ ಲೆಕ್ಕದಲ್ಲಿ ಕುಟುಂಬಗಳ ಪಟ್ಟಿ ಮಾಡಿ, ಬಾಡಿಗೆಯವರನ್ನೂ ಸೇರಿಸಿ, ಪ್ರತಿ ವರ್ಷ ಮುಂಗಾರಿಗೆ ಮುನ್ನ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಬಿಟ್ಟುಹೋದ ಹೆಸರನ್ನು ಬರೆಸಲು ಜನರಿಗೆ ಒಂದು ತಿಂಗಳಾದರೂ ಸಿಗಲಿ.