ಮಾಳಿಗೆಯ ಮಳೆನೀರು



ಸಂಸ್ಕೃತದಲ್ಲಿ ‘ಜೀವನ’ ಎಂಬ ಶಬ್ದಕ್ಕೆ ನೀರೆಂದೂ ಅರ್ಥವುಂಟು. ಅಮರಕೋಶವು ನೀರಿನ ಹೆಸರುಗಳಲ್ಲಿ ಅದನ್ನೂ ಎಣಿಸಿದೆ. ಈ ಅರ್ಥವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. 1876ರಿಂದ 1878ರ ವರೆಗಿನ ಘೋರ ಕ್ಷಾಮವು ಅಂದಿನ ಬಳ್ಳಾರಿ ಜಿಲ್ಲೆಯನ್ನು ಬರಿದು ಮಾಡಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದರೂ ಕಾಲುವೆಯು ಈ ಸೀಮೆಯ ಹಳ್ಳಿಗಳನ್ನೆಲ್ಲ ಮುಟ್ಟಲಿಲ್ಲ. ಕೊಳವೆಬಾವಿ ತೋಡಿದರೆ ಹಲವೆಡೆ ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು.

ಹಾಗಾದರೆ ಶುದ್ಧೋದಕವೆಲ್ಲಿ? ನಮ್ಮ ಮಾಳಿಗೆಯ ಮೇಲೆಯೇ ಬೀಳುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. 50 ಚದರ ಮೀಟರಿನ ಮಾಳಿಗೆಗೆ 500 ಮಿಲಿಮೀಟರು ಮಳೆಯಾದರೆ 25,000 ಲೀಟರು. ಐದರಲ್ಲೊಂದು ಪಾಲು ಹೋದರೂ ವರ್ಷವೆಲ್ಲ ದಿನಕ್ಕೆ 50 ಲೀಟರಿಗೆ ಕೊರತೆಯಿಲ್ಲ. ಒಂದು ಮನೆಯವರ ಕುಡಿಯುವುದಕ್ಕೂ ಅಡುಗೆಗೂ ಅದು ಸಾಕು.

ಇದನ್ನರಿತೇ ಸರಕಾರವು 2006ರ ಸುವರ್ಣ ಕರ್ನಾಟಕ ವರ್ಷದಲ್ಲಿ ‘ಸುವರ್ಣಜಲ’ ಯೋಜನೆಯನ್ನು ತಂದು ಹಳ್ಳಿಯ ಶಾಲೆಗಳ ಮಾಡಿಗೆ ಕೊಳವೆಯನ್ನೂ ತೊಟ್ಟಿಯನ್ನೂ ಕೂಡಿಸಿತು. ಎಷ್ಟೋ ಕಡೆ ತೊಟ್ಟಿ ಉಳಿಯಿತು, ನೀರು ಉಳಿಯಲಿಲ್ಲ. ಮಾಳಿಗೆ ಗುಡಿಸುವವರಿಲ್ಲ, ಸೋಸುವ ಮರಳು ತೊಳೆಯುವವರಿಲ್ಲ!

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರಿಗೆ ನಾವು ಕೈ ಮುಗಿಯುತ್ತೇವೆ. ಮುಗಿದ ಕೈ ಪೊರಕೆಯನ್ನೂ ಹಿಡಿಯಲಿ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಗುಡಿಸಿರಿ. ಮೊದಲ ಮಳೆಯನ್ನು ಹೊರಗೆ ಬಿಡಿರಿ. ತೊಟ್ಟಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿರಿ. ಕಟ್ಟುವುದು ಒಂದು ದಿನದ ಪುಣ್ಯ; ಕಾಯುವುದು ನಿತ್ಯದ ಕಾಯಕ.